ಷರಾ ಕಾಲಮ್ಮಿನ ಸಂಸಾರ

ಒಂದೇ ಲೆಕ್ಕದ ಪುಸ್ತಕವನ್ನು ಗಂಡ ಒಂದೂರಲ್ಲಿ, ಹೆಂಡತಿ ಇನ್ನೊಂದೂರಲ್ಲಿ ಕೂತು ಬರೆಯಲು ಹೊರಟರೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ವಾರಕ್ಕೊಂದರಂತೆ ಆಗಿದೆ. ಅವುಗಳಲ್ಲಿ ಕೆಲವನ್ನು ಹೇಳಿದರೆ ನಮ್ಮ ಮರ್ಯಾದೆ ಹೋಗುತ್ತದೆ. ಅಂಥವನ್ನೇ ಆರಿಸಿ ಬರೆದಿದ್ದೇನೆ, ಉಳಿದವು ಅಷ್ಟೇನೂ ಚೆನ್ನಾಗಿಲ್ಲ.

ನಾನು ಮೊಳಕಾಲ್ಮೂರಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ನಮ್ಮ ಮನೆಯವರಿಗೆ ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ. ಅತ್ತೆಯನ್ನು ನಾವೆಲ್ಲ ಅಮ್ಮಿ ಅನ್ನುತ್ತೇವೆ, ಅವರು ಮಗನ ಜೊತೆಗಿದ್ದಾರೆ. ಒಬ್ಬಳೇ ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಾಳೆ. ಎರಡೂರಿನ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆ. ದಿನಾ ಓಡಾಡಬಹುದಲ್ಲ ಎಂದು ಕೇಳುವವರಿಗೆ ನನ್ನ ಸೊಂಟ ಉತ್ತರ ಹೇಳುತ್ತದೆ. ಎರಡು ವರ್ಷ ಓಡಾಡಿ, ಹತ್ತನೇ ತರಗತಿಗೆ ಬೆಳಗ್ಗೆ ಎಂಟೂವರೆಗೇ ವಿಶೇಷ ತರಗತಿ ಶುರುವಾದ ಮೇಲೆ ಸೋತು, ಮೊಳಕಾಲ್ಮೂರಿನಲ್ಲೇ ಒಂದು ರೂಮು ಹಿಡಿದೆ. ಶನಿವಾರ ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಮನೆಗೆ, ಸೋಮವಾರ ಮೊದಲನೇ ಬಸ್ಸಿಗೆ ವಾಪಸ್. ನಡುವಿನ ಭಾನುವಾರ ಬಟ್ಟೆ ಒಗೆಯುವುದರಲ್ಲೇ ಮುಗಿಯುತ್ತದೆ.

ಈ ವರ್ಷ ನನ್ನ ಮುಂದೆ ಎರಡು ದಾರಿ ಬಂದವು. ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರು ಮೇಲಕ್ಕೆ ಬಂದು, ಚಳ್ಳಕೆರೆ ಪೇಟೆಯ ಶಾಲೆಯೇ ಸಿಗುವಂತಿತ್ತು. ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ತರು ನಿವೃತ್ತರಾಗುವವರಿದ್ದರು. ನಾನು ಇಲ್ಲೇ ಉಳಿದರೆ ಅವರ ಕುರ್ಚಿ ನನಗೆ. ಯಾವುದನ್ನು ಆರಿಸಲಿ ಎಂದು ನಮ್ಮ ಮನೆಯವರನ್ನು ಎಷ್ಟು ಸಲ ಕೇಳಿದರೂ ಬಂದ ಉತ್ತರ ಒಂದೇ, "ನಿನ್ನಿಷ್ಟ." ನನಗೆ ಕುರ್ಚಿಯ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಮಾತು ಬೇಕಿತ್ತು. ನಾನು ಮನೆಗೆ ಬರಲಿ ಎಂದು ಈ ಮನುಷ್ಯನಿಗೆ ಅನಿಸುತ್ತದೆಯೋ ಇಲ್ಲವೋ, ಅಷ್ಟೇ. ಅದನ್ನು ತಿಳಿಯಲು ನನಗಿದ್ದ ಕಿಟಕಿ ಆ ಹಾಳು ಲೆಕ್ಕದ ಫೈಲು ಒಂದೇ.

ಮೋಡದ ಕಪಾಟು

ಫೈಲನ್ನು ಹುಟ್ಟಿಸಿದವಳು ಮಗಳು. ನಾನು ಮೊಳಕಾಲ್ಮೂರಿನಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯುತ್ತಿದ್ದೆ, ಅವರು ಅಂಗಡಿಯ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು. ತಿಂಗಳ ಕೊನೆಗೆ ಎರಡನ್ನೂ ಕೂಡಿಸಲು ಕೂತರೆ ಕ್ಯಾಲೆಂಡರಿನ ಹಾಳೆಯನ್ನು ಅಮ್ಮಿ ಹರಿದು ಬೋಂಡದ ಎಣ್ಣೆ ಹೀರಲು ಹಾಕಿರುತ್ತಿದ್ದರು. ರಜೆಗೆ ಬಂದ ಮಗಳು ಇದನ್ನು ನೋಡಿ, ನನ್ನ ಲ್ಯಾಪ್‌ಟಾಪಿನಲ್ಲೂ ಅಂಗಡಿಯ ಕಂಪ್ಯೂಟರಿನಲ್ಲೂ ಒಂದೊಂದು ಫೋಲ್ಡರ್ ಮಾಡಿ, ಅದರಲ್ಲಿ "ಮನೆ ಲೆಕ್ಕ" ಎಂಬ ಫೈಲನ್ನಿಟ್ಟಳು. ಇಲ್ಲಿ ಬರೆದರೆ ಅಲ್ಲಿ ಕಾಣುತ್ತದೆ, ಅಲ್ಲಿ ಬರೆದರೆ ಇಲ್ಲಿ.

ಅಮ್ಮಿಗೆ ಅನುಮಾನ. "ಇದು ಇರೋದಾದ್ರೂ ಎಲ್ಲಿ, ಬೇಟಿ?"

"ಕ್ಲೌಡ್‌ನಲ್ಲಿ ದಾದಿ. ಮೋಡದಲ್ಲಿ ಒಂದು ಕಪಾಟು ಇದ್ದಂಗೆ ಅಂದ್ಕೋ."

ಅಮ್ಮಿ ಅಂಗಡಿಯ ಬಾಗಿಲಿಗೆ ಹೋಗಿ ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದರು. ಜುಲೈ ತಿಂಗಳು. ಚಳ್ಳಕೆರೆಯ ಆಕಾಶದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಏನೂ ಇರಲಿಲ್ಲ. ಒಳಗೆ ಬಂದು ಮಗನಿಗೆ ಹೇಳಿದರು, "ನೀನು ಆ ಕ್ಯಾಲೆಂಡರೂ ಬರೀತಿರು. ನಮ್ಮೂರಿಗೆ ಮೋಡ ಬಂದು ಲೆಕ್ಕ ಕೊಡೋ ತನಕ ಕಿರಾಣಿಯವನು ಕಾಯೋದಿಲ್ಲ."

ಷರಾ

ನಮ್ಮ ಮನೆಯವರು ಫೋನಿನಲ್ಲಿ ಮಾತಾಡುವುದನ್ನು ಕೇಳಿದವರಿಗೆ ಯಾರೋ ತಪ್ಪು ನಂಬರಿನವರು ಕರೆ ಮಾಡಿರಬೇಕು ಅನಿಸುತ್ತದೆ. "ಹ್ಞಾಂ. ಆಯ್ತು. ಊಟ ಆಯ್ತಾ? ಇಡ್ಲಾ?" ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಇದಕ್ಕೆ ಐದನೇ ವಾಕ್ಯ ಸೇರಿಲ್ಲ. ಮೋಟರಿನ ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತ ಸುತ್ತುವ ಕೆಲಸ ಅವರದು. ನಡುವೆ ಮಾತಾಡಿದರೆ ಎಣಿಕೆ ತಪ್ಪುತ್ತದೆ. ಅದೇ ರೂಢಿಯಾಗಿ ಹೋಗಿದೆ.

ಶಾಲೆಯ ರಿಜಿಸ್ಟರಿನ ಅಭ್ಯಾಸದಲ್ಲಿ ನಾನು ಫೈಲಿನ ಕೊನೆಗೊಂದು ಷರಾ ಕಾಲಂ ಹಾಕಿದ್ದೆ. ಮೊದಲ ವಾರ ಅದು ಖಾಲಿ ಇತ್ತು. ಎರಡನೇ ವಾರ ಒಂದು ದಿನ ಬೆಳಗಿನ ವಿರಾಮದಲ್ಲಿ ತೆರೆದು ನೋಡಿದರೆ ಹೀಗಿತ್ತು: "ಸಕ್ಕರೆ ಎರಡು ಕೆಜಿ. ಷರಾ: ಟೀ ನೀನು ಮಾಡಿದಂಗೆ ಆಗ್ತಿಲ್ಲ. ಅಮ್ಮಿ ಸಕ್ಕರೆ ಜಾಸ್ತಿ ಹಾಕಿ ನೋಡು ಅಂದ್ರು."

ನಾನು ಆ ಸಾಲನ್ನು ನಾಲ್ಕು ಸಲ ಓದಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಟೀ ಬಗ್ಗೆ ಆ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಆಮೇಲೆ ಅದು ದಿನದ ಪದ್ಧತಿಯಾಯಿತು. ಅವರು ಅಂಗಡಿ ತೆಗೆದ ಕೂಡಲೇ ಹಿಂದಿನ ದಿನದ ಖರ್ಚು ಬರೆಯುತ್ತಿದ್ದರು, ಜೊತೆಗೊಂದು ಷರಾ. ನಾನು ಹನ್ನೊಂದೂವರೆಯ ವಿರಾಮಕ್ಕೆ ಕಾದು, ಅದನ್ನು ಓದಿ, ನನ್ನ ಖರ್ಚಿನ ಸಾಲಿನಲ್ಲಿ ಉತ್ತರ ಬರೆಯುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಟೀ ಕುಡಿಯುವಾಗ ನಾನು ಅಲ್ಲಿ ಬರೆದದ್ದು ಇಲ್ಲಿಗೆ ಬಂತು ಎಂದು ತೋರಿಸುವ, ಫೈಲಿನ ಪಕ್ಕದ ಹಸಿರು ಗುರುತಿಗಾಗಿ ಬಾಯಿ ಒಣಗಿಸಿಕೊಂಡು ಕೂತಿರುತ್ತಿದ್ದೆ. ಮನೆಯ ನೆನಪು ಬಹಳವಾಗಿ ಬರುವ ಹೊತ್ತು ಅದು. ಉತ್ತರವಾಗಿ ಟೀ ಮಾಡುವ ಕ್ರಮವನ್ನು ನಾನು ಅಳತೆ ಸಮೇತ ಬರೆದು ಕಳಿಸಿದೆ.

ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಸಕ್ಕರೆ ಒಂಬತ್ತು ಕೆಜಿ ಆಗಿತ್ತು. ಕೊನೆಯ ಷರಾ: "ಟೀ ಸರಿ ಆಗಲಿಲ್ಲ. ಅಮ್ಮಿಗೆ ಶುಗರ್ ಚೆಕ್ ಮಾಡಿಸಿದೆ, ಇನ್ನೂರು ರೂಪಾಯಿ."

ಹತ್ತನೇ ತರಗತಿಯ ಮುಂದೆ ಬದನೆಕಾಯಿ

ನಮ್ಮ ಶಾಲೆಗೆ ದಾನಿಗಳೊಬ್ಬರು ಸ್ಮಾರ್ಟ್ ಬೋರ್ಡು ಕೊಟ್ಟಿದ್ದಾರೆ. ರೇಖಾಗಣಿತದ ಚಿತ್ರ ತೋರಿಸೋಣವೆಂದು ಅದರ ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆದೆ. ಚಿತ್ರ ಬಂತು. ಅದರ ಹಿಂದೆಯೇ ನಮ್ಮ ಮನೆ ಲೆಕ್ಕವೂ ಅಲ್ಲಿಗೆ ಬಂದು ಕೂತಿದ್ದು ನನಗೆ ಗೊತ್ತಾಗಲಿಲ್ಲ.

ಮರುದಿನ ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದೆ. ಬೋರ್ಡಿನ ಮೂಲೆಯಲ್ಲಿ "ಮನೆ ಲೆಕ್ಕ ಬದಲಾಗಿದೆ" ಎಂದು ಒಂದು ಚೀಟಿ ಮೂಡಿತು. ಅದನ್ನು ತೆಗೆಯಲು ಹೋಗಿ ಬೆರಳಿಟ್ಟೆ. ಫೈಲು ಗೋಡೆಯಷ್ಟಗಲ ತೆರೆದುಕೊಂಡಿತು. ನಲವತ್ತೆರಡು ಮಕ್ಕಳು ಒಟ್ಟಿಗೆ ಓದಿದರು: "ಬದನೆಕಾಯಿ ಮೂವತ್ತು ರೂಪಾಯಿ. ಷರಾ: ಎಣ್ಣೆಗಾಯಿ ಮಾಡಕ್ಕೆ ಹೋದೆ, ತಳ ಹತ್ತಿತು. ಪಾತ್ರೆ ಉಳಿಯಲಿಲ್ಲ. ಬಿಸಾಕಿದೀನಿ. ಅಮ್ಮಿಗೆ ಹೇಳಬೇಡ."

ನಾನು ಗಡಿಬಿಡಿಯಲ್ಲಿ ಮುಚ್ಚಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಡಂ, ಪಾತ್ರೆ ಸ್ಟೀಲಿಂದಾ, ಅಲ್ಯೂಮಿನಿಯಮ್ಮಾ?"

"ಕೂತ್ಕೋ. ಸ್ಪರ್ಶಕ ವೃತ್ತವನ್ನ ಎಷ್ಟು ಬಿಂದುವಲ್ಲಿ ಮುಟ್ಟುತ್ತೆ?"

"ಒಂದು ಮೇಡಂ. ಸ್ಟೀಲ್ ಆದ್ರೆ ಬೂದಿ ಹಾಕಿ ಉಜ್ಜಿದ್ರೆ ಹೋಗ್ತೈತೆ ಮೇಡಂ, ಬಿಸಾಕಬಾರ್ದಿತ್ತು."

ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಆ ಹುಡುಗಿಯ ಮಾವ ಬಿ.ಜಿ. ಕೆರೆಯವರು. ಅವಳಿಂದ ಕಥೆ ಕೇಳಿದವರು ಮರುದಿನ ಮಧ್ಯಾಹ್ನ ಸುಟ್ಟ ಮೋಟರ್ ಹೊತ್ತುಕೊಂಡು ನಮ್ಮ ಅಂಗಡಿಗೆ ಹೋಗಿದ್ದಾರೆ. ಅಮ್ಮಿ ಬಾಗಿಲಲ್ಲೇ ಕೂತಿದ್ದರು. ಬಂದವರು ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದು: "ಅಮ್ಮಾ, ತಳ ಹತ್ತಿದ ಪಾತ್ರೆ ಬಿಸಾಕ್ಬೇಡ್ರಿ. ಬೂದಿ ಹಾಕಿ ಉಜ್ಜಿದ್ರೆ ಹೋಗ್ತೈತಂತೆ."

ಅವತ್ತು ಮೂರು ಗಂಟೆಗೆ ನನಗೆ ಫೋನು ಬಂತು. ನಮ್ಮ ಮನೆಯವರೇ. "ಹ್ಞಾಂ. ಅಮ್ಮಿಗೆ ಗೊತ್ತಾಯ್ತು. ಅದು ಅವರ ಮದುವೆ ಪಾತ್ರೆ ಅಂತೆ. ಇಡ್ಲಾ?"

ಬರ್ಕತ್ತು

ಒಂದು ದಿನ ನನ್ನ ಫೋಲ್ಡರಿನಲ್ಲಿ ಮನೆ ಲೆಕ್ಕಗಳು ಎರಡಾದವು. ಮರುದಿನ ಮೂರು. ವಾರ ಕಳೆಯುವಷ್ಟರಲ್ಲಿ ಹನ್ನೊಂದು. ಎಲ್ಲವೂ ಒಂದೇ ಹೆಸರು, ಮುಂದೆ ಕಂಸದಲ್ಲಿ "ಅಂಗಡಿ ಕಂಪ್ಯೂಟರಿನ ಪ್ರತಿ" ಎಂದು ಬಾಲ. ಒಂದರ ಮೊತ್ತ ಇನ್ನೊಂದಕ್ಕೆ ತಾಳೆಯಾಗದು. ಮಕ್ಕಳಿಗೆ ತಾಳೆ ನೋಡಿ ಎಂದು ದಿನಾ ಗಂಟಲು ಹರಿದುಕೊಳ್ಳುವ ನನಗೆ ಇದನ್ನು ಯಾರಿಗೆ ತೋರಿಸಲೂ ನಾಚಿಕೆ.

ಕೊನೆಗೆ ನಮ್ಮ ಶಾಲೆಯ ಕಂಪ್ಯೂಟರ್ ಮೇಡಂಗೆ ತೋರಿಸಿದೆ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಯಾರ ಮುಖವನ್ನೂ ನೋಡದೆ ನೇರ ಮಾತಾಡುವವಳು. "ಮೇಡಂ, ಆ ಕಡೆ ಯಾರೋ ಫೈಲ್ ತೆಗೆದಿಟ್ಟು ಮುಚ್ತಾನೇ ಇಲ್ಲ. ನೀವು ಈ ಕಡೆ ಬರೀತೀರಿ. ಎರಡನ್ನೂ ಕೂಡಿಸೋಕೆ ಆಗದೆ ಅದು ಬೇರೆ ಬೇರೆ ಮಾಡಿ ಇಡ್ತೈತೆ. ದಿನಾ ಬರೆಯೋ ಲೆಕ್ಕನ ಇಂಥ ಫೋಲ್ಡರಲ್ಲಿ ಇಡಬಾರ್ದು. ಒಬ್ರ ಹತ್ರ ಇರಲಿ, ವಾರಕ್ಕೊಂದು ನಕಲು ಮಾತ್ರ ಇಲ್ಲಿಗೆ ಹಾಕ್ರಿ."

ಫೈಲನ್ನು ಒಬ್ಬರ ಹತ್ತಿರ ಇಟ್ಟರೆ ನನ್ನ ಷರಾಗಳ ಗತಿಯೇನು? ಆ ಸಲಹೆಯನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಮುಚ್ಚದಿರುವುದು ಯಾಕೆ ಎಂದು ಮಾತ್ರ ಶನಿವಾರ ಅಂಗಡಿಗೇ ಹೋಗಿ ಕೇಳಿದೆ. ನಮ್ಮ ಮನೆಯವರು ಅಮ್ಮಿಯ ಕಡೆ ನೋಡಿದರು.

"ನಾನೇ ಹೇಳಿದೀನಿ," ಅಂದರು ಅಮ್ಮಿ. "ನಿಮ್ಮ ಮಾವ ಇದ್ದಾಗಿಂದ ನಮ್ಮ ಅಂಗಡಿ ಪದ್ಧತಿ ಐತೆ. ಶಟರ್ ಎತ್ತಿದ್ಮೇಲೆ ಇಳಿಸೋ ತನಕ ಲೆಕ್ಕದ ಬುಕ್ಕು ತೆರೆದೇ ಇರ್ಬೇಕು. ಗಿರಾಕಿ ಬರೋ ಹೊತ್ತಲ್ಲಿ ಬುಕ್ಕು ಮುಚ್ಚಿದ್ರೆ, ಇನ್ನು ಬರೋದು ಬೇಡ ಅಂದಂಗೆ. ಬರ್ಕತ್ತು ಬಾಗಿಲ ತನಕ ಬಂದು ವಾಪಸ್ ಹೋಗ್ತೈತೆ."

ಬರ್ಕತ್ತು ಅಂದರೆ ಏಳಿಗೆ, ಇದ್ದದ್ದು ತುಂಬಿಕೊಂಡಿರುವುದು. ಅದರ ವಿರುದ್ಧ ಕಂಪ್ಯೂಟರ್ ಮೇಡಂಳ ವಾದ ನಿಲ್ಲುವಂತಿರಲಿಲ್ಲ. ಒಂದು ಗಂಟೆ ಚರ್ಚೆ ನಡೆಯಿತು. ಮಧ್ಯೆ ಬಂದ ಗಿರಾಕಿಯೊಬ್ಬರು ತಮ್ಮ ಮೋಟರನ್ನು ಮರೆತು ಅಮ್ಮಿಯ ಪರ ನಿಂತರು. ಕೊನೆಗೆ ನಮ್ಮ ಮನೆಯವರೇ ಎದ್ದು, ಅಟ್ಟದಿಂದ ಮಾವನ ಕಾಲದ ಕೆಂಪು ಬಟ್ಟೆಯ ಲೆಕ್ಕದ ಬುಕ್ಕನ್ನು ಇಳಿಸಿ, ಧೂಳು ಕೊಡವಿ, ಮೇಜಿನ ಮೇಲೆ ತೆರೆದು, ಗಾಳಿಗೆ ಮುಚ್ಚದ ಹಾಗೆ ಅದರ ಮೇಲೊಂದು ಸ್ಪ್ಯಾನರ್ ಇಟ್ಟರು. ಬರ್ಕತ್ತಿಗೆ ಇದು, ಲೆಕ್ಕಕ್ಕೆ ಅದು. ಕಂಪ್ಯೂಟರಿನ ಫೈಲನ್ನು ಬರೆದ ಕೂಡಲೇ ಮುಚ್ಚಬಹುದು ಎಂದು ತೀರ್ಮಾನವಾಯಿತು.

ಆ ವಾರ ಎಂದಿಲ್ಲದ ಗಿರಾಕಿ. ಸುತ್ತಲ ಬೋರ್‌ವೆಲ್ಲುಗಳೆಲ್ಲ ಒಟ್ಟಿಗೆ ಕೆಟ್ಟಂತೆ ಮೋಟರುಗಳು ಬಂದವು. ಅಮ್ಮಿ ಕೆಂಪು ಬುಕ್ಕನ್ನು ಸವರಿ ಹೇಳಿದರು, "ನೋಡ್ರಿ, ಏನೂ ಬರೀದೇ ಇಷ್ಟು ದುಡೀತೈತೆ. ಆ ಕಂಪ್ಯೂಟರ್ ಮಾರಿಬಿಡ್ರಿ."

ಎರಡನೇ ಮಗಳು

ಹನ್ನೊಂದು ಪ್ರತಿಗಳಲ್ಲಿ ಹತ್ತನ್ನು ಅಳಿಸಿ ಒಂದನ್ನು ಉಳಿಸಿಕೊಳ್ಳೋಣ ಎಂದು ಇಬ್ಬರೂ ಒಪ್ಪಿದೆವು. ಯಾವ ಒಂದು ಎಂದು ಮಾತ್ರ ಯಾರೂ ಹೇಳಲಿಲ್ಲ. ಅಳಿಸಲು ಇಬ್ಬರಿಗೂ ಕೈ ಬರಲಿಲ್ಲ. ನಾನು ಒಂದರಲ್ಲಿ ಬರೆಯುತ್ತ ಹೋದೆ, ಅವರು ಇನ್ನೊಂದರಲ್ಲಿ.

ನನ್ನ ಫೈಲಿನಲ್ಲಿ ಅವರ ಕಡೆಯ ಸಾಲುಗಳು ನಿಂತುಹೋದವು. ಮೊದಲ ದಿನ ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆ. ನಾಲ್ಕನೇ ದಿನ ಸಿಟ್ಟು ಬಂತು. ಎರಡನೇ ವಾರಕ್ಕೆ ಅಳುವೇ ಬಂತು. ಖಾಲಿ ಕಾಲಂ ನೋಡಿ ಅಳುವ ಹೆಂಗಸನ್ನು ಸ್ಟಾಫ್ ರೂಮಿನವರು ಅದೇ ಮೊದಲು ನೋಡಿದ್ದು. ಶನಿವಾರ ಮನೆಗೆ ಹೋದರೆ ಅವರೂ ಬಿಗುಮುಖ. ನಾನು ಬಡಿಸಿದೆ, ಅವರು ಉಂಡರು. ಅಮ್ಮಿ ಇಬ್ಬರ ಮುಖವನ್ನೂ ನೋಡಿ ನೋಡಿ, ಉಪ್ಪು ಜಾಸ್ತಿಯಾದ ಸಾರನ್ನೂ ಹೊಗಳಿದರು.

ಮೂರನೇ ವಾರ ಹಾಸ್ಟೆಲಿನ ವಾರ್ಡನ್ ಫೋನು ಮಾಡಿದರು. ಮಗಳ ಹಾಸ್ಟೆಲ್ ಫೀಸು ಎರಡು ಸಲ ಬಂದಿದೆ, ಚಳ್ಳಕೆರೆಯಿಂದ ಒಮ್ಮೆ, ಮೊಳಕಾಲ್ಮೂರಿನಿಂದ ಒಮ್ಮೆ. ನನ್ನ ಫೈಲಿನಲ್ಲಿ ಅವರು ಕಟ್ಟಿದ್ದಿಲ್ಲ, ಅವರ ಫೈಲಿನಲ್ಲಿ ನಾನು ಕಟ್ಟಿದ್ದಿಲ್ಲ. ಆಗ ಗುಟ್ಟು ಹೊರಬಿತ್ತು. ಫೋಲ್ಡರಿನಲ್ಲಿ ಹುಡುಕಿ ಅವರ ಪ್ರತಿಯನ್ನು ತೆರೆದೆ. ಹತ್ತೊಂಬತ್ತು ಷರಾ ಇದ್ದವು. "ನೀನು ಏನೂ ಬರೀತಿಲ್ಲ, ಕೆಲಸ ಜಾಸ್ತಿನಾ?" "ಇವತ್ತೂ ಏನೂ ಇಲ್ಲ." "ಹೆಸರುಬೇಳೆ ಒಂದು ಕೆಜಿ. ಷರಾ: ಸಿಟ್ಟಿದ್ರೆ ಹೇಳು, ಕೇಳ್ತೀನಿ." ಹತ್ತೊಂಬತ್ತು ದಿನದ ಊಟವನ್ನು ಒಂದೇ ಹೊತ್ತಿಗೆ ಉಂಡ ಹಾಗಾಯಿತು.

ವಾರ್ಡನ್ ಮಾತ್ರ ಪ್ರಾಮಾಣಿಕ ಹೆಂಗಸು. ಫೀಸು ವಾಪಸ್ ಕೊಡಿ ಎಂದು ಕೇಳಲು ಫೋನು ಮಾಡಿದರೆ, "ಕೊಡ್ತೀನಿ ಮೇಡಂ, ಆದ್ರೆ ಮಂಚ ಹಾಕಿಸಿಬಿಟ್ಟಿದೀನಿ," ಅಂದರು. "ನಿಮ್ಮ ಎರಡನೇ ಮಗಳು ಯಾವತ್ತು ಬರ್ತಾಳೆ ಅಂತ ಊಟದ ಲಿಸ್ಟಲ್ಲೂ ಬರ್ಕೊಂಡೆ."

ಒರೆಸಿದ್ದು

ವರ್ಗಾವಣೆಯ ವಿಷಯ ಬಂದ ಮೇಲೆ ಅವರ ಷರಾಗಳು ಒಣಗಿದವು. ಫೀಸಿನ ಗಲಾಟೆಯಾದ ಮೇಲೆ ಒಂದೇ ಫೈಲು ಉಳಿಸಿಕೊಂಡಿದ್ದೆವು, ದಿನಾ ಸರಿಯಾಗಿ ಬರುತ್ತಿತ್ತು, ಈ ಸಲ ಕಂಪ್ಯೂಟರನ್ನು ದೂರುವಂತಿರಲಿಲ್ಲ. "ಅಕ್ಕಿ. ಷರಾ: ಸರಿ." "ಹಾಲು. ಷರಾ: ಎಂದಿನಂತೆ." "ಪೆಟ್ರೋಲ್ ನೂರು. ಷರಾ: ಕೆಲಸದ ಮೇಲೆ." ಸರ್ಕಾರಿ ಕಡತದಲ್ಲೂ ಇದಕ್ಕಿಂತ ಹೆಚ್ಚು ಪ್ರೀತಿ ಇರುತ್ತದೆ. ನನಗೆ ಅರ್ಥವಾಗಿದ್ದು ಇಷ್ಟು: ನಾನಿಲ್ಲದ ಮನೆ ಅವರಿಗೆ ರೂಢಿಯಾಗಿದೆ. ಹಾಗಾದರೆ ಕುರ್ಚಿಯಾದರೂ ಇರಲಿ.

ಒಪ್ಪಿಗೆಯನ್ನು ಆನ್‌ಲೈನಿನಲ್ಲಿ ಕೊಡಲು ಕೊನೆಯ ದಿನ ಒಂದು ಗುರುವಾರ, ಸಂಜೆ ಐದರೊಳಗೆ. ಹೆಡ್‌ಮಾಸ್ತರು ಆಂಧ್ರದ ಅಂಚಿನ ಊರಿನವರು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಎರಡೂ. ಬೆಳಗ್ಗೆಯೇ ಬೀರುವಿನ ಕೀಲಿಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು, "ಏಮ್ಮಾ, ಚಳ್ಳಕೆರೆ ಬೇಡ ಅಂತ ಒತ್ತಿಬಿಡು, ನಾನು ನೆಮ್ಮದಿಯಾಗಿ ಮನೆಗೆ ಹೋಗ್ತೀನಿ," ಅಂದಿದ್ದರು.

ಹನ್ನೊಂದೂವರೆಗೆ ಎಂದಿನಂತೆ ಫೈಲು ತೆರೆಯಲು ಹೋದೆ. ಫೈಲಿಲ್ಲ. ಫೋಲ್ಡರೇ ಇಲ್ಲ. ಒಂದು ವರ್ಷದ ಲೆಕ್ಕ, ಟೀ, ಬದನೆಕಾಯಿ, ಹೆಸರುಬೇಳೆ ಎಲ್ಲ ಹೋಗಿತ್ತು. ಕೂಡಲೇ ಫೋನು ಮಾಡಿದೆ.

"ಹ್ಞಾಂ. ಜಾಗ ತುಂಬೈತೆ ಅಂತ ಕಂಪ್ಯೂಟರ್ ಬಡ್ಕೊಳ್ತಿತ್ತು. ಅದಕ್ಕೇ ಅಳಿಸಿದೆ. ಇಲ್ಲಿಂದ ಅಷ್ಟೇ ಅಳಿಸಿದ್ದು. ನಿಂದು ನಿನ್ ಹತ್ರ ಇರ್ತೈತಲ್ಲ."

"ಅಲ್ಲಿ ಅಳಿಸಿದ್ರೆ ಇಲ್ಲೂ ಅಳಿಸಿಹೋಗ್ತದೆ ರೀ. ನಿಮ್ದು ಅಂತ ನಂದು ಅಂತ ಬೇರೆ ಇಲ್ಲ ಅದರಲ್ಲಿ."

ಗಿರಾಕಿ ಬಂದರೆಂದು ಫೋನಿಟ್ಟರು. ನಾನು ಎಂಟನೇ ತರಗತಿಗೆ ಹೋಗಿ ಭಿನ್ನರಾಶಿ ಹೇಳಿಕೊಟ್ಟೆ. ಏನು ಹೇಳಿಕೊಟ್ಟೆನೋ ಇವತ್ತಿಗೂ ಗೊತ್ತಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಕಂಪ್ಯೂಟರ್ ಮೇಡಂ ನನ್ನ ಮುಖ ನೋಡಿ ಲ್ಯಾಪ್‌ಟಾಪ್ ಎಳೆದುಕೊಂಡಳು. "ಹೋಗಿಲ್ಲ ಮೇಡಂ, ಕಸದ ಬುಟ್ಟಿಯಲ್ಲಿ ಒಂದು ತಿಂಗಳು ಇರ್ತೈತೆ." ಎರಡು ಸಲ ಒತ್ತಿದಳು, ಫೈಲು ವಾಪಸ್ ಬಂತು. ನನಗೆ ಉಸಿರು ಬಂತು. ಅವಳಿಗೆ ಅಷ್ಟಕ್ಕೆ ನಿಲ್ಲಿಸಲು ಮನಸ್ಸಿಲ್ಲ. "ಎಲ್ಲಾ ಸರಿ ಐತಾ ಅಂತ ಹಳೇ ಪ್ರತಿ ನೋಡ್ಬಿಡೋಣ. ನೀವು ಉಳಿಸಿದಾಗೆಲ್ಲ ಅದು ಒಂದೊಂದು ನಕಲು ಇಟ್ಕೊಂಡಿರ್ತೈತೆ. ಬರೆದು ಅಳಿಸಿದ್ದೂ ಸಿಗ್ತೈತೆ." ನೋಡುತ್ತಿದ್ದವಳು ತಟ್ಟನೆ ನಿಂತಳು. "ಮೇಡಂ, ಇದು ಹೋದ ತಿಂಗಳ ಒಂದು ಗುರುವಾರದ ಖರ್ಚು. 'ಪೆಟ್ರೋಲ್ ನೂರು. ಷರಾ: ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಮೊಳಕಾಲ್ಮೂರು ಬಸ್ಸಿಂದ ನೀನು ಇಳೀಲಿಲ್ಲ. ಇವತ್ತು ಶನಿವಾರ ಅಲ್ಲ ಅಂತ ಕಂಡಕ್ಟರ್ ಹೇಳಿದ.' ನಾಲ್ಕು ನಿಮಿಷ ಆದ್ಮೇಲೆ ಅದನ್ನ ಅಳಿಸಿ 'ಕೆಲಸದ ಮೇಲೆ' ಅಂತ ಬರೆದವ್ರೆ."

ಊಟ ಮಾಡುತ್ತಿದ್ದವರೆಲ್ಲ ಡಬ್ಬಿ ಹಿಡಿದುಕೊಂಡೇ ಹತ್ತಿರ ಬಂದರು, ಹೆಡ್‌ಮಾಸ್ತರೂ ಬಂದರು. ನಾನು ಲ್ಯಾಪ್‌ಟಾಪಿಗೆ ಕೈ ಚಾಚಿದೆ. ಹೆಡ್‌ಮಾಸ್ತರು ತಡೆದರು. "ಇಂಕಾ, ಇನ್ನೂ ಏನೈತೆ, ಓದಮ್ಮ."

ಅವಳು ಓದಿದಳು. "ಮುಂದಿನ ಗುರುವಾರ. 'ಪೆಟ್ರೋಲ್ ನೂರು. ಷರಾ: ಗುರುವಾರ ಅಂತ ಗೊತ್ತಿತ್ತು. ಆದ್ರೂ ಹೋದೆ. ಬಸ್ ಬಂತು. ನೋಡಿದೆ. ಬಂದೆ.' ಅಳಿಸವ್ರೆ. 'ಕೆಲಸದ ಮೇಲೆ.' ಅದರ ಮುಂದಿನ ಗುರುವಾರ. 'ಕಂಡಕ್ಟರ್ ಈಗ ನನ್ನ ನೋಡಿದ್ರೆ ತಲೆ ಅಲ್ಲಾಡಿಸ್ತಾನೆ, ಇಲ್ಲ ಅಂತ.' ಅಳಿಸವ್ರೆ. 'ಕೆಲಸದ ಮೇಲೆ.' ಇದು ಸೋಮವಾರದ್ದು, ಅಕ್ಕಿ. 'ಬಾ ಅಂತ ಬರೆದ್ರೆ ಬಂದೇ ಬಿಡ್ತಾಳೆ. ದೊಡ್ಡ ಮೇಡಂ ಆಗೋದು ತಪ್ಪುತ್ತೆ. ಬರೀಬಾರದು.' ಇದನ್ನೂ ಅಳಿಸವ್ರೆ. 'ಸರಿ' ಅಂತ ಹಾಕವ್ರೆ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಸ್ಟಾಫ್ ರೂಮಿನ ಮುಂದೆ ಇದಕ್ಕಿಂತ ಹೆಚ್ಚು ಮಾನ ಕಳೆದುಕೊಳ್ಳುವುದು ಸಾಧ್ಯವಿರಲಿಲ್ಲ, ಆದರೂ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಒಂದು ತಿಂಗಳು ಒಣ ಅಕ್ಕಿ, ಒಣ ಹಾಲು ಓದಿ ನಾನು ಕುದಿಯುತ್ತಿದ್ದಾಗ ಆ ಮನುಷ್ಯ ಬಸ್ಸಿನ ಬಾಗಿಲು ನೋಡುತ್ತ ನಿಂತಿದ್ದರು.

ಹೆಡ್‌ಮಾಸ್ತರು ನನ್ನ ಮೇಜಿನ ಮೇಲಿದ್ದ ಕೀಲಿಗೊಂಚಲನ್ನು ಎತ್ತಿ ಮೆಲ್ಲಗೆ ತಮ್ಮ ಜೇಬಿಗೆ ಹಾಕಿಕೊಂಡರು. "ನನ್ನ ಕುರ್ಚಿಗೆ ಯಾರಾದ್ರೂ ಸಿಗ್ತಾರೆ ಬಿಡಮ್ಮ. ಪೆಟ್ರೋಲ್ ರೇಟು ನೋಡಿದೀಯಾ? ಒತ್ತು, ಚಳ್ಳಕೆರೆ ಬೇಕು ಅಂತ ಒತ್ತು."

ಒತ್ತಿದೆ. ಎಲ್ಲರೂ ನೋಡುತ್ತಿದ್ದುದರಿಂದ ಎರಡು ಸಲ ಒತ್ತಿದೆ. ಗೋಡೆಯ ಗಡಿಯಾರದಲ್ಲಿ ಎರಡೂವರೆಯಾಗಿತ್ತು. ವರಾಂಡದ ತುದಿಗೆ ಹೋಗಿ ನಮ್ಮ ಮನೆಯವರಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡರು.

"ಫೈಲ್ ಸಿಕ್ತು," ಅಂದೆ. "ಒಪ್ಪಿಗೆ ಕೊಟ್ಟೆ. ಚಳ್ಳಕೆರೆಗೇ ಬರ್ತಿದೀನಿ."

ಆ ಕಡೆ ತುಂಬ ಗದ್ದಲ. ಅಂಗಡಿಯಲ್ಲಿ ಅಂಥ ಗದ್ದಲ ಇರುವುದಿಲ್ಲ.

"ಎಲ್ಲಿದೀರಿ ನೀವು?"

"ಕೆಲಸದ ಮೇಲೆ," ಅಂದರು.

ಅವರ ಬೆನ್ನ ಹಿಂದೆ ಕಂಡಕ್ಟರೊಬ್ಬ ಒಂದೇ ಸಮನೆ ಕೂಗುತ್ತಿದ್ದ: "ಬಿ.ಜಿ. ಕೆರೆ, ಮೊಳಕಾಲ್ಮೂರು, ರಾಯದುರ್ಗ..."